ಹುಣಸೆಹಣ್ಣಿನಲ್ಲಿ ತೊಳೆದ ಬಿಲ್ಲೆಗಳು

ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರೂ ರೋಗವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೆಣಸಿನಕಾಯಿಯ ಸುಗ್ಗಿ ಬಂತೆಂದರೆ ಊರಿಗೆ ಊರೇ ಕೆಮ್ಮುತ್ತದೆ. ಹೊರಗಿನವರು ಬಸ್ಸಿನಿಂದ ಇಳಿದ ಕೂಡಲೇ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ, ನಾವು ನಗುತ್ತೇವೆ. ಅವ್ವ ನನ್ನ ನೆನಪಿನ ಉದ್ದಕ್ಕೂ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಮಾಡಿದವಳು. ಸುಗ್ಗಿ ಮುಗಿದು ಮಳೆ ಹಿಡಿದರೂ ಆಕೆಯ ಕೆಮ್ಮು ನಿಲ್ಲಲಿಲ್ಲ. ಆಗಲೂ ನಾವು ಅದನ್ನು ಹಳೆಯ ಖಾರದ ಘಾಟು ಎಂದೇ ತಿಳಿದೆವು. ರಾಣೇಬೆನ್ನೂರಿನ ಡಾಕ್ಟರು ಎದೆಯ ಚಿತ್ರ ತೆಗೆಸಿ ಬೆಳಕಿಗೆ ಹಿಡಿದು ನೋಡುವ ಹೊತ್ತಿಗೆ ಪುಪ್ಪುಸದ ಗಡ್ಡೆ ಬಹಳ ದೊಡ್ಡದಾಗಿತ್ತು.

ಹೀಗೆ ಬರೆದರೆ ಒಂದರ ಹಿಂದೆ ಒಂದು ಬಂದಂತೆ ಕಾಣುತ್ತದೆ. ಹಾಗೆ ಬರಲಿಲ್ಲ. ಆ ವರ್ಷದ ಬಗ್ಗೆ ಏನು ಬರೆದರೂ ವಾಕ್ಯಗಳು ತಾವಾಗಿಯೇ ಸಾಲು ಹಿಡಿದು ನಿಂತುಬಿಡುತ್ತವೆ. ಸಾಲಾಗಿ ನಿಂತದ್ದನ್ನು ನಂಬುವ ಸ್ವಭಾವ ನನಗಿಲ್ಲ. ಅದು ನನ್ನ ಕೆಲಸದಿಂದ ಹತ್ತಿದ ಚಾಳಿ.

ಎರಡು ಸಾವಿರದ ಐದೋ ಆರೋ ಇರಬೇಕು. ಹಾವೇರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಬ್ಯಾಡಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪಾಠ ಮುಗಿದ ಮೇಲೆ ಪ್ರಯೋಗಾಲಯದ ಹಿಂದಿನ ಸಣ್ಣ ಖೋಲಿಯಲ್ಲಿ ಪಿಎಚ್.ಡಿ. ಕೆಲಸ. ಮೂರು ಪುಡಿಗಳನ್ನು, ಅದರಲ್ಲೊಂದು ತಾಮ್ರದ್ದು, ಬೆರೆಸಿ ಅರೆಯುವುದು, ಕುಲುಮೆಯಲ್ಲಿ ಸುಡುವುದು, ಮತ್ತೆ ಅರೆದು ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡುವುದು, ಮತ್ತೆ ಸುಟ್ಟು ಆಮ್ಲಜನಕ ಹಾಯಿಸುತ್ತ ನಿಧಾನಕ್ಕೆ ತಣಿಸುವುದು. ಕೊನೆಗೆ ಸಿಗುವುದು ಎಂಟಾಣೆಯಷ್ಟು ಅಗಲದ ಒಂದು ಕರಿ ಬಿಲ್ಲೆ. ಅದನ್ನು ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಆ ಚಳಿಯಲ್ಲಿ ಅದು ಅತಿವಾಹಕವಾಗುತ್ತದೆ. ವಿದ್ಯುತ್ತು ಅದರಲ್ಲಿ ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತದೆ. ಅದರ ಮೇಲಿಟ್ಟ ಸಣ್ಣ ಆಯಸ್ಕಾಂತ ಅದನ್ನು ಮುಟ್ಟದೆ ಗಾಳಿಯಲ್ಲಿ ನಿಲ್ಲುತ್ತದೆ.

ನಾನು ಬೆನ್ನು ಹತ್ತಿದ್ದು ಅದರೊಳಗಿನ ಅಸ್ತವ್ಯಸ್ತತೆಯನ್ನು. ಆಯಸ್ಕಾಂತದ ಬಲ ಒಂದು ಮಿತಿ ದಾಟಿದರೆ ಅತಿವಾಹಕ ಅದನ್ನು ಪೂರ್ತಿ ಹೊರಗಿಡಲಾರದು. ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಒಂದೊಂದು ಎಳೆಯ ಸುತ್ತ ವಿದ್ಯುತ್ತು ಸುಳಿಯಾಗಿ ತಿರುಗುತ್ತದೆ. ವಸ್ತು ಅಪ್ಪಟ ಶುದ್ಧವಾಗಿದ್ದರೆ ಈ ಸುಳಿಗಳು ನಾಟಿ ಮಾಡಿದ ಸಸಿಗಳ ಹಾಗೆ ಸಮ ಅಂತರದಲ್ಲಿ ನಿಲ್ಲುತ್ತವೆ. ಚಿತ್ರ ಬಿಡಿಸಿದರೆ ಚೆಂದ. ಆದರೆ ವಿದ್ಯುತ್ತು ಹರಿದ ಕೂಡಲೇ ಆ ಸಾಲಿಗೆ ಸಾಲೇ ಜಾರತೊಡಗುತ್ತದೆ. ಜಾರಿದರೆ ಬಿಸಿ ಹುಟ್ಟುತ್ತದೆ, ವಿದ್ಯುತ್ತು ನಷ್ಟವಾಗುತ್ತದೆ, ಅತಿವಾಹಕ ಎಂಬ ಹೆಸರಿಗೆ ಅರ್ಥವಿಲ್ಲದಾಗುತ್ತದೆ. ವಸ್ತುವಿನಲ್ಲಿ ಅಲ್ಲಲ್ಲಿ ದೋಷಗಳಿದ್ದರೆ, ಒಂದು ಬೇರೆ ಕಣ, ಒಂದು ಖಾಲಿ ಜಾಗ, ಸುಳಿಗಳು ಅಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ. ಸಾಲು ಕೆಡುತ್ತದೆ, ವಸ್ತು ಕೆಲಸಕ್ಕೆ ಬರುತ್ತದೆ. ಎಂಥ ದೋಷ, ಎಷ್ಟು ದೋಷ ಎಂಬುದು ನನ್ನ ಪ್ರಶ್ನೆ. ಅದಕ್ಕಾಗಿ ಬೆಳ್ಳಿಯ ಪುಡಿ ಬೆರೆಸಿ ನೋಡುತ್ತಿದ್ದೆ.

ಇದನ್ನು ಅವ್ವನಿಗೆ ಹೇಳಿದ್ದೆ. ಆಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಬಿಳಿಚಿದ ಕಾಯಿಗಳನ್ನು ಆರಿಸುತ್ತಿದ್ದಳು.

“ಅಂದ್ರ ಅದರಾಗ ಹೊಲಸ ಕೂಡಸ್ತೀಯೇನು?”

“ಹೊಲಸಲ್ಲ ಬೇ. ಬ್ಯಾರೆ ಕಣ. ಸುಳಿ ಜಾರಬಾರದಲ್ಲ, ಅದಕ್ಕ.”

“ನಾ ಕೆಟ್ಟಕಾಯಿ ಆರಿಸಿ ಒಗದು ನಿನ್ನ ಸಾಲಿ ಓದಿಸೇನಿ. ನೀ ನೋಡಿದ್ರ ಕೆಟ್ಟದ್ದನ್ನ ಆರಿಸಿ ಆರಿಸಿ ಒಳಗ ಹಾಕ್ತಿ. ಅದಕ್ಕ ಪಗಾರ ಬ್ಯಾರೆ ಕೊಡ್ತಾರ!”

“ಬೆಳ್ಳಿ ಹಾಕ್ತೀನಿ ಬೇ, ಬೆಳ್ಳಿ.”

“ಬೆಳ್ಳಿ ಬೇಕಂದ್ರ ನನ್ನ ಕಾಲುಂಗುರ ಪೆಟಿಗ್ಯಾಗ ಅದಾವು. ನಿಮ್ಮಪ್ಪ ಹೋದಮ್ಯಾಲೆ ಸುಮ್ನ ಬಿದ್ದಾವು. ಒಯ್ದು ಅರದು ಹಾಕು.”

ಈ ಮಾತುಕತೆ ಒಂದೇ ಸಂಜೆ ನಡೆದದ್ದಲ್ಲ. ಪಗಾರದ ಮಾತು ಒಂದು ವರ್ಷದ್ದು, ಕಾಲುಂಗುರದ ಮಾತು ಇನ್ನೊಂದು ವರ್ಷದ್ದು. ಎರಡನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿದವಳು ನಾನು. ಕಟ್ಟೆ ಮಾತ್ರ ಖರೆ.

ಬಿಲ್ಲೆಯ ಮೇಲೆ ಆಯಸ್ಕಾಂತ ನಿಂತದ್ದನ್ನು ಅವ್ವ ನೋಡಿರಲಿಲ್ಲ. ದ್ರವ ಸಾರಜನಕ ಇದ್ದದ್ದು ಧಾರವಾಡದಲ್ಲಿ, ನಾನು ಅಳತೆಗಳಿಗೆಂದು ಹೋಗುತ್ತಿದ್ದ ಪ್ರಯೋಗಾಲಯದಲ್ಲಿ. ಬಾ ಎಂದಾಗಲೆಲ್ಲ “ಕೂಲಿ ತಪ್ಪತದ” ಎನ್ನುತ್ತಿದ್ದಳು. ಈಗ ಕೂಲಿ ತಾನೇ ತಪ್ಪಿತ್ತು, ಆದರೆ ಧಾರವಾಡದವರೆಗೆ ಕುಳಿತು ಹೋಗುವ ಶಕ್ತಿ ಇರಲಿಲ್ಲ. ಒಂದು ಬೆಳಿಗ್ಗೆ ಗಂಜಿ ಕುಡಿದು ಲೋಟ ಕೆಳಗಿಟ್ಟು ಹೇಳಿದಳು:

“ಗಾಳ್ಯಾಗ ನಿಂದ್ರತದ ಅಂತೀಯಲ್ಲ, ಅದನ್ನೊಮ್ಮೆ ನನ್ನ ಕಣ್ಣಿಲೆ ನೋಡಬೇಕು. ಲಗ್ನ ಬ್ಯಾಡ ಅಂದಿ, ಮನಿ ಬ್ಯಾಡ ಅಂದಿ, ಇದನ್ನ ಹಿಡಕೊಂಡು ಕುಂತಿ. ಏನ ಐತಿ ಅದರಾಗ, ನನಗ ಗೊತ್ತಾಗಬೇಕು. ಲಗೂ ತೋರಸು.”

ಆಕೆ ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ಅದೊಂದನ್ನು ಕೇಳಿದಳು.

ನಮ್ಮ ಸೀಮೆಯಲ್ಲಿ ದ್ರವ ಸಾರಜನಕ ಇರುವ ಜಾಗ ಇನ್ನೊಂದಿತ್ತು, ದನದ ದವಾಖಾನೆ. ಹೋರಿಯ ವೀರ್ಯವನ್ನು ಕೆಡದಂತೆ ಇಡುವುದು ಅದರಲ್ಲೇ. ಮೋಟೆಬೆನ್ನೂರಿನಲ್ಲಿ ಬಸ್ಸಿಳಿದು ಅಲ್ಲಿಯ ಡಾಕ್ಟರನ್ನು ಕೇಳಿದೆ. ಅವರು ಹಾವೇರಿಯ ಮುಸಲ್ಮಾನರ ಮನೆತನದವರು, ದೊಡ್ಡ ದನಿಯ ಮನುಷ್ಯ, ಕನ್ನಡದ ನಡುವೆ ಆಗೊಮ್ಮೆ ಈಗೊಮ್ಮೆ ಉರ್ದು ಬೆರೆಸುವವರು.

“ಅರೆ ಮೇಡಂ, ಇದರಾಗ ನಾವು ಹೋರಿ ಬೀಜ ಇಡ್ತೀವಿ. ನೀವು ಕಲ್ಲು ಮುಳುಗಸ್ತೀನಿ ಅಂತೀರಿ. ಕಲ್ಲ ಗಬ್ಬ ಆಗತದೇನು?”

ಸುಳಿಗಳ ವಿಷಯ ಹೇಳಿದೆ. ಅವರಿಗೆ ಇನ್ನಷ್ಟು ನಗು ಬಂತು. “ಹಾವೇರಿ ಸಂತ್ಯಾಗ ಎತ್ತಿನ ಮೈಮ್ಯಾಲಿನ ಸುಳಿ ನೋಡಿ ವ್ಯಾಪಾರ ಮಾಡ್ತಾರ. ಕಲ್ಲಿನ ಸುಳಿ ನೋಡಾವ್ರನ್ನ ಇವತ್ತ ನೋಡಿದೆ.” ನಗು ಮುಗಿದ ಮೇಲೆ ಯಾರಿಗೆ ತೋರಿಸಬೇಕೆಂದು ಕೇಳಿದರು. ಹೇಳಿದೆ. “ಸಾರಜನಕದ ಗಾಡಿ ದಸರಾ ಆದಮ್ಯಾಲೆ ಬರತದ. ತುಂಬಿಸಿಕೊಂಡ ಮರುದಿನ ನಾನ ತರತೀನಿ” ಎಂದರು.

ನನ್ನ ಹತ್ತಿರ ಐದು ಬಿಲ್ಲೆಗಳು ಸಿದ್ಧವಿದ್ದವು, ಬೆಳ್ಳಿ ಬೆರೆಸಿದವು, ಅದುವರೆಗೆ ಮಾಡಿದ್ದರಲ್ಲೆಲ್ಲ ಗಟ್ಟಿಯಾಗಿ ಹಿಡಿಯುವಂಥವು. ತಲೆಕೆಳಗೆ ಮಾಡಿದರೂ ಆಯಸ್ಕಾಂತ ಕೆಳಗೆ ನೇತುಕೊಂಡಿರುತ್ತಿತ್ತು. ರಜೆಯಲ್ಲಿ ಕಾಲೇಜಿನ ಖೋಲಿಗೆ ಮಳೆಯ ಥಂಡಿ ಇಳಿಯುತ್ತದೆಂದು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮನೆಗೆ ತಂದಿದ್ದೆ. ಈ ಬಿಲ್ಲೆಗಳಿಗೆ ನೀರು ಆಗುವುದಿಲ್ಲ.

ಮಹಾನವಮಿಯಂದು ನಮ್ಮ ಕಡೆ ಖಂಡೆ ಪೂಜೆ. ಯಾರು ಯಾವುದರಿಂದ ಅನ್ನ ದುಡಿಯುತ್ತಾರೋ ಅದನ್ನು ತೊಳೆದು ಪೂಜೆಗಿಡುವುದು. ಆ ದಿನ ನಾನು ಅವ್ವನ ಹೊಸ ವರದಿಗಳನ್ನು ಹಿಡಿದು ರಾಣೇಬೆನ್ನೂರಿಗೆ ಹೋಗಿದ್ದೆ. ಡಾಕ್ಟರು ಹಬ್ಬದ ದಿನವೂ ಸ್ವಲ್ಪ ಹೊತ್ತು ಕುಳಿತಿರುತ್ತಿದ್ದರು. ರಾಣೇಬೆನ್ನೂರಿನಲ್ಲೇ ಇರುವ ಚಿಕ್ಕವ್ವ, ಅವ್ವನ ತಂಗಿ, ಅವ್ವನ ಜೊತೆಗಿರಲೆಂದು ಆಗಲೇ ಬ್ಯಾಡಗಿಗೆ ಬಂದಿದ್ದಳು. ಡಾಕ್ಟರು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಇನ್ನು ಒಯ್ಯುವುದು ಬೇಡ, ನೋವಿಗೆ ಮಾತ್ರ ಔಷಧಿ ಕೊಡುತ್ತೇನೆ, ಅವರಿಗೆ ಏನು ಇಷ್ಟವೋ ಅದನ್ನು ಮಾಡಿ ಎಂದರು. ಎಷ್ಟು ದಿನ ಉಳಿದಿವೆ ಎಂಬುದನ್ನು ಕಡ್ಡಿ ಮುರಿದಂತೆ ಹೇಳಲಿಲ್ಲ. ಹಾಗೆ ಹೇಳಿದ್ದರೆ ಎಂದು ನಾನು ಕೆಲವು ಸಲ ಅಂದುಕೊಂಡದ್ದಿದೆ.

ಮನೆಗೆ ಬಂದಾಗ ಪೂಜೆ ಮುಗಿದಿತ್ತು. ಮಣೆಯ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಈಳಿಗೆ, ಕತ್ತರಿ, ಅವ್ವನ ಮೊರ, ನನ್ನ ಪೆನ್ನು. ಅವುಗಳ ಮುಂದೆ ಐದು ಬಿಲ್ಲೆಗಳು. ಒಂದೊಂದಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವಿನ ಒಂದೊಂದು ಎಸಳು. ಅವ್ವ ಗೋಡೆಗೆ ಒರಗಿ ಕುಳಿತಿದ್ದಳು, ದಣಿದಿದ್ದಳು, ಮುಖ ಬೆಳಗುತ್ತಿತ್ತು.

“ನಿನ್ನ ಖಂಡೆ ಇವಲ್ಲೇನು? ಪ್ರತಿ ವರ್ಷ ನೀ ಪೆನ್ನ ಅಷ್ಟ ಇಡ್ತಿದ್ದಿ. ಈ ಸಲ ಇವನ್ನೂ ಇಟ್ಟೆ.”

“ನಿಮ್ಮವ್ವ ಯಾರ ಮಾತ ಕೇಳತಾಳ?” ಎಂದಳು ಚಿಕ್ಕವ್ವ. “ನಾ ತೊಳೀತೀನಿ ಬಿಡು ಅಂದ್ರ, ನನ್ನ ಮಗಳದ್ದು ನಾನ ತೊಳೀಬೇಕು ಅಂತ ಕುಂತಳು. ಒಂದ ತಾಸ ತಿಕ್ಕ್ಯಾಳ.”

“ತಾಮ್ರ ಐತಿ ಅಂದಿದ್ದೆಲ್ಲ ನೀ,” ಎಂದಳು ಅವ್ವ. “ಹುಣಸಿಹಣ್ಣು ಹಚ್ಚಿ ನೆನೆ ಇಟ್ಟು ತಿಕ್ಕಿದೆ. ಎಷ್ಟ ಕಿಲುಬ ಬಿಡ್ತು ನೋಡು. ಆದ್ರೂ ಬೆಳ್ಳಗಾಗಲಿಲ್ಲ, ಕರೇನ ಉಳದಾವು.”

ಬಚ್ಚಲ ಬಾಯಲ್ಲಿ ಒಂದು ಬಟ್ಟಲು ಇತ್ತು. ಅದರಲ್ಲಿದ್ದ ಹುಣಸೆ ನೀರು ತಿಳಿ ಹಸಿರಿಗೆ ತಿರುಗಿತ್ತು. ಬಿಲ್ಲೆಯೊಂದನ್ನು ಎತ್ತಿಕೊಂಡೆ. ಮೈ ಒರಟಾಗಿತ್ತು, ಬೆರಳಿಗೆ ಪುಡಿ ಹತ್ತಿತು. ಒಳಗೆ ಏನೇನಾಗಿದೆ ಎಂದು ಅಳೆದು ನೋಡುವ ಅಗತ್ಯವಿರಲಿಲ್ಲ. ಹುಳಿ ನೀರು ಎಲ್ಲ ಸಂದುಗಳಿಗೂ ಇಳಿದಿತ್ತು.

“ಚೊಲೋ ಮಾಡಿದಿ ಬೇ,” ಎಂದೆ. ಬಾಗಿ ನಮಸ್ಕಾರ ಮಾಡಿದೆ. ವರದಿಗಳು ಇನ್ನೂ ಕಂಕುಳಲ್ಲೇ ಇದ್ದವು. ಡಾಕ್ಟರು ಏನಂದರು ಎಂದು ಚಿಕ್ಕವ್ವ ಕಣ್ಣಿನಲ್ಲೇ ಕೇಳಿದಳು, ನಾನು ಕಣ್ಣಿನಲ್ಲೇ ಹೇಳಿದೆ. ಪೂಜೆಗಿಟ್ಟದ್ದನ್ನು ಕೂಡಲೇ ಡಬ್ಬಿಗೆ ಹಾಕಬಾರದೆಂದು ಅವ್ವ ಬಿಲ್ಲೆಗಳನ್ನು ದೇವರ ಜಗುಲಿಯ ಮೇಲೆ ಇಡಿಸಿದಳು.

ಹೊಸ ಬಿಲ್ಲೆ ಮಾಡಬೇಕಿತ್ತು, ಗಾಡಿ ಬರುವುದರೊಳಗೆ, ಅವ್ವ ಇರುವುದರೊಳಗೆ. ಬೆಳ್ಳಿಯ ಪುಡಿ ಮುಗಿದಿತ್ತು, ತರಿಸಿದರೆ ತಿಂಗಳು. ಬೆಳ್ಳಿಯಿಲ್ಲದೆಯೇ ಮಾಡುವುದೆಂದು ಹಾವೇರಿಗೆ ಹೋಗಿ ಕಾಲೇಜಿನ ಜವಾನನಿಂದ ಬೀಗ ತೆಗೆಸಿದೆ. ಕುಲುಮೆಗೆ ಒಂದೇ ಸಮ ಕರೆಂಟು ಬೇಕು. ಆಗಿನ ಲೋಡ್ ಶೆಡ್ಡಿಂಗಿನಲ್ಲಿ ಅದು ಯಾರ ಕೈಯಲ್ಲೂ ಇರಲಿಲ್ಲ. ಮೊದಲ ಸುತ್ತು ಅರ್ಧಕ್ಕೆ ಕರೆಂಟು ಹೋಗಿ ಕೆಟ್ಟಿತು. ಎರಡನೆಯ ಸುತ್ತು ಹೇಗೋ ಮುಗಿಯಿತು. ಆಮ್ಲಜನಕದ ಸಿಲಿಂಡರು ಖಾಲಿಯಾಗಿತ್ತು, ಹೆದ್ದಾರಿಯ ಪಕ್ಕದ ವೆಲ್ಡಿಂಗ್ ಅಂಗಡಿಯವರು ತಮ್ಮದನ್ನು ಟಂಟಂ ರಿಕ್ಷಾದಲ್ಲಿ ಹಾಕಿ ಕಳಿಸಿದರು. ಈ ಎಲ್ಲ ದಿನಗಳಲ್ಲೂ ಅವ್ವನ ಪಕ್ಕದಲ್ಲಿ ಚಿಕ್ಕವ್ವ ಇದ್ದಳು, ನಾನಿರಲಿಲ್ಲ. ಎರಡು ಬಿಲ್ಲೆ ಬಂದವು. ಒಂದು ಅಚ್ಚಿನಿಂದ ತೆಗೆಯುವಾಗಲೇ ಸೀಳಿದ್ದು ಸುಟ್ಟ ಮೇಲೆ ಒಡೆಯಿತು. ಉಳಿದದ್ದು ಒಂದು.

ದನದ ಡಾಕ್ಟರು ಮಾತಿಗೆ ತಪ್ಪಲಿಲ್ಲ. ಮಧ್ಯಾಹ್ನ ಬೈಕಿನ ಹಿಂದೆ ಸಣ್ಣ ಪಾತ್ರೆ ಕಟ್ಟಿಕೊಂಡು ಬಂದರು. ಅದರ ಬಾಯಿಂದ ಬಿಳಿ ಹೊಗೆ ಇಳಿಯುತ್ತಿತ್ತು.

“ನಿಮ್ಮ ಓಣ್ಯಾಗ ಎಲ್ಲಾರೂ ನನ್ನ ನಿಂದರಿಸಿ ಕೇಳೂದ ಕೇಳೂದು, ಯಾರ ಮನಿ ಎಮ್ಮಿ ಬೆದಿಗೆ ಬಂದೈತ್ರಿ ಅಂತ!” ಎಂದು ಒಳಗೆ ಬಂದರು. ಅವ್ವನಿಗೆ ನಗು ಬಂತು, ನಗು ಕೆಮ್ಮಾಯಿತು. ದಿಂಬು ಏರಿಸಿ ಕೂರಿಸಿದೆವು. ಚಿಕ್ಕವ್ವ ಚಹಾ ಇಡಲು ಒಳಗೆ ಹೋದಳು.

ಥರ್ಮೋಕೋಲಿನ ಬಟ್ಟಲಲ್ಲಿ ಹೊಸ ಬಿಲ್ಲೆ ಇಟ್ಟೆ. ಅದರ ಮೇಲೆ ಮಡಿಸಿದ ರಟ್ಟು, ರಟ್ಟಿನ ಮೇಲೆ ಆಯಸ್ಕಾಂತ. ತಣ್ಣಗಾಗುವಾಗ ಆಯಸ್ಕಾಂತ ಹತ್ತಿರವಿದ್ದರೆ ಅದರ ಎಳೆಗಳು ಬಿಲ್ಲೆಯೊಳಗೇ ಸಿಕ್ಕಿಬೀಳುತ್ತವೆ. ಆಮೇಲೆ ಬಿಲ್ಲೆ ಅದನ್ನು ಇದ್ದ ಜಾಗದಲ್ಲೇ ಹಿಡಿದಿಡುತ್ತದೆ. ಡಾಕ್ಟರು ಸಾರಜನಕ ಸುರಿದರು. ಬಿಸಿ ಹಂಚಿಗೆ ನೀರು ಬಿದ್ದಂತೆ ಸದ್ದಾಯಿತು, ಹೊಗೆ ಹಾಸಿಗೆಯ ಮೇಲೆ ಹರಡಿತು. ಸದ್ದು ಅಡಗಿದ ಮೇಲೆ ಚಿಮುಟದಿಂದ ರಟ್ಟನ್ನು ಮೆಲ್ಲಗೆ ಎಳೆದೆ.

ಆಯಸ್ಕಾಂತ ನಿಂತಿತು. ಕೆಳಗೆ ಜೋಳದ ಕಾಳೊಂದು ಹಾಯುವಷ್ಟು ಖಾಲಿ. ಬೆರಳಿನಿಂದ ತಟ್ಟಿದೆ, ನಿಂತಲ್ಲೇ ತಿರುಗಿತು.

“ಯವ್ವಾ,” ಎಂದಳು ಅವ್ವ.

“ಬೋರಲ ಮಾಡ್ರಿ ಮೇಡಂ, ಬೋರಲ ಮಾಡಿದ್ರೂ ಬೀಳೂದಿಲ್ಲ ಅಂದಿದ್ರೆಲ್ಲ!” ಡಾಕ್ಟರಿಗೆ ಅವಸರ. ಚಿಮುಟದಲ್ಲಿ ಬಿಲ್ಲೆಯನ್ನು ಎತ್ತಿ ಸ್ವಲ್ಪ ವಾಲಿಸಿದೆ. ಆಯಸ್ಕಾಂತ ಜಾರಿ ಹಾಸಿಗೆಯ ಮೇಲೆ ಬಿತ್ತು. ಇದರಲ್ಲಿ ಬೆಳ್ಳಿ ಇರಲಿಲ್ಲ. ಸುಳಿಗಳನ್ನು ಹಿಡಿಯುವ ಗೂಟಗಳು ಸಾಲದಾಗಿದ್ದವು.

“ಅದು ಬ್ಯಾರೆ ಬಿಲ್ಲೆರಿ,” ಎಂದೆ.

“ಹೌದಲ್ಲ! ಅವ್ವಾರು ಹುಣಸಿಹಣ್ಣಾಗ ತಿಕ್ಕಿ ತಿಕ್ಕಿ ಕರಗಿಸಿದ್ದು ಅವನ್ನಲ್ಲೇನು!” ಎಂದು ಅವರು ಜೋರಾಗಿ ನಕ್ಕರು. ಬಿಲ್ಲೆ ಮತ್ತೆ ಮಾಡುತ್ತಿದ್ದೇನೆ, ಗಾಡಿ ಬಂದರೂ ಒಂದೆರಡು ದಿನ ತಾಳಿ ಎಂದು ಹೇಳಲು ಹೋದಾಗ ನಾನೇ ಅವರಿಗೆ ಕಾರಣ ಹೇಳಿದ್ದೆ. ಅವ್ವನಿಗೆ ಗೊತ್ತಿಲ್ಲವೆಂಬುದು ಅವರಿಗೆ ಗೊತ್ತಿರಲಿಲ್ಲ. ನನ್ನ ಮುಖ ನೋಡಿದರು, ನಗು ನಿಂತಿತು.

“ಏನಂದ್ರಿ?” ಎಂದಳು ಅವ್ವ. ನನ್ನ ಕಡೆ ತಿರುಗಿದಳು. “ತೊಳದ್ರ ಕೆಡತಾವೇನು ಅವು?”

“ಇಲ್ಲ ಬೇ. ಅವು ಹಳೇವು ಆಗಿದ್ವು.”

“ಜಗಲಿ ಮ್ಯಾಲ ಅದಾವು. ತಗೊಂಬಾ.”

“ಇರಲಿ ಬಿಡು ಬೇ. ಇದನ್ನ ಇನ್ನೊಮ್ಮೆ ನಿಂದ್ರಸ್ತೀನಿ, ನೋಡು.”

“ಇದನ್ನ ನೋಡಿದೆ. ಅವನ್ನ ತಗೊಂಬಾ.”

ಪಾತ್ರೆಯಲ್ಲಿ ಉಳಿದ ಸಾರಜನಕ ಬಹಳ ಇರಲಿಲ್ಲ. ಹೊಸ ಬಿಲ್ಲೆಯ ಮೇಲೆ ಆಯಸ್ಕಾಂತವನ್ನು ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಬಹುದಿತ್ತು. ಆಕೆ ನೋಡಬೇಕೆಂದು ಕೇಳಿದ್ದು ಅದನ್ನೇ. ಆದರೆ ಆಕೆಯ ಧ್ವನಿಯಲ್ಲಿ ಕೂಲಿಗೆ ಹೊರಟವಳ ಹಳೆಯ ಗಟ್ಟಿತನ ಬಂದಿತ್ತು. ಜಗುಲಿಯಿಂದ ತಂದೆ. ಕುಂಕುಮ ಇನ್ನೂ ಅಂಟಿಕೊಂಡಿತ್ತು. ಒಂದನ್ನು ಬಟ್ಟಲಲ್ಲಿಟ್ಟು, ರಟ್ಟು, ಆಯಸ್ಕಾಂತ, ಎಲ್ಲ ಅದೇ ಕ್ರಮದಲ್ಲಿ. ಡಾಕ್ಟರು ಸುರಿದರು. ರಟ್ಟು ಎಳೆದೆ. ಆಯಸ್ಕಾಂತ ಬಿಲ್ಲೆಯ ಮೇಲೆ ಟಕ್ಕೆಂದು ಕುಳಿತಿತು.

“ಇನ್ನೊಂದು,” ಎಂದಳು.

ಅದೂ ಹಾಗೆಯೇ. ಮೂರನೆಯದಕ್ಕೆ ಸುರಿಯುವಾಗ ಪಾತ್ರೆಯಲ್ಲಿ ಹೊಗೆ ಮಾತ್ರ ಉಳಿದಿತ್ತು.

ಅವ್ವ ಆ ಬಿಲ್ಲೆಗಳನ್ನು ನೋಡುತ್ತ ಕುಳಿತಳು. ಚಿಕ್ಕವ್ವ ಚಹಾ ತಂದಳು. ಡಾಕ್ಟರು ಕುಡಿದು, “ಅವ್ವಾರ, ನಮ್ಮ ಅಮ್ಮೀನೂ ನನ್ನ ಇಂಜೆಕ್ಷನ್ ಸೂಜಿ ಎಲ್ಲ ಬೂದ್ಯಾಗ ತಿಕ್ಕಿ ಇಟ್ಟಿದ್ಲು” ಎಂದರು. ಅದು ನಿಜವೋ ಆಗಲೇ ಕಟ್ಟಿದ್ದೋ ಗೊತ್ತಿಲ್ಲ. ಅವ್ವ ಅವರಿಗೆ ಕೈಮುಗಿದಳು.

ಆಮೇಲೆ ನೋಡಲು ಬಂದವರಿಗೆಲ್ಲ ಅವ್ವ ಇದನ್ನು ಹೇಳಿದಳು. “ನನ್ನ ಮಗಳು ಗಾಳ್ಯಾಗ ಕಬ್ಬಿಣ ನಿಂದ್ರಸ್ತಾಳ. ಐದು ಬಿಲ್ಲಿ ಮಾಡಿದ್ಲು, ನಾ ತೊಳದು ಕೆಡಿಸಿದೆ.” ಎರಡನ್ನೂ ಹೇಳುತ್ತಿದ್ದಳು, ಒಂದೇ ಧ್ವನಿಯಲ್ಲಿ. ಬಂದವರು ಮೊದಲನೆಯದನ್ನು ಹ್ಞೂಂ ಎಂದು ಕೇಳಿ, ಎರಡನೆಯದಕ್ಕೆ ನನ್ನನ್ನು ನೋಡುತ್ತಿದ್ದರು. ಗಾಡಿ ಮತ್ತೆ ಬರುವ ಮೊದಲೇ ಅವ್ವ ತೀರಿಕೊಂಡಳು.

ಸಿಕ್ಕಿಕೊಂಡ ಸುಳಿಗಳೂ ಇದ್ದಲ್ಲಿ ಇರುವುದಿಲ್ಲ. ಇದನ್ನು ನಾನು ನಂತರದ ವರ್ಷಗಳಲ್ಲಿ ಅಳೆದೆ. ಒಂದೊಂದಾಗಿ ಕಳಚಿಕೊಂಡು ಪಕ್ಕದ ದೋಷಕ್ಕೆ ಹಾರುತ್ತವೆ. ಬಿಲ್ಲೆಯೊಳಗೆ ಹಿಡಿದಿಟ್ಟ ಕಾಂತತೆ ಮೊದಮೊದಲು ಬೇಗ ಇಳಿಯುತ್ತದೆ, ಆಮೇಲೆ ನಿಧಾನ, ಇನ್ನೂ ನಿಧಾನ. ತಣ್ಣಗಿಟ್ಟಷ್ಟು ಕಾಲ ಪೂರ್ತಿ ಹೋಗಿಬಿಡುವುದನ್ನು ನಾನು ಕಂಡಿಲ್ಲ. ಇದನ್ನು ಸಾವಿಗೆ ಹೋಲಿಸಿ ಒಂದು ಪುಟ ಬರೆದಿದ್ದೆ. ಓದಲು ಚೆನ್ನಾಗಿತ್ತು, ಹರಿದು ಹಾಕಿದೆ. ಸುಳಿಗಳಿಗೆ ಯಾರ ಸಾವೂ ಗೊತ್ತಿಲ್ಲ.

ನನಗೆ ಬೇಕಾದದ್ದು ಒಂದೇ, ಅದು ನನ್ನ ಹತ್ತಿರ ಇಲ್ಲ. ರಟ್ಟು ಎಳೆದಾಗ, ಆಯಸ್ಕಾಂತ ನಿಂತಾಗ, ಅವ್ವನ ಮುಖ ಹೇಗಿತ್ತು? ಆಕೆಯ “ಯವ್ವಾ” ಕಿವಿಯಲ್ಲಿದೆ. ಮುಖ ಇಲ್ಲ. ನಾನು ಆಯಸ್ಕಾಂತವನ್ನು ನೋಡುತ್ತಿದ್ದೆ, ಬಿದ್ದೀತೆಂದು. ಹಲವು ಸಲ ಬರೆಯುವಾಗ ಆ ಮುಖಕ್ಕೆ ಒಂದು ನಗು ಕೊಟ್ಟಿದ್ದೇನೆ, ಒಮ್ಮೆ ಕಣ್ಣೀರು ಕೊಟ್ಟಿದ್ದೇನೆ. ಎರಡನ್ನೂ ಹೊಡೆದು ಹಾಕಿದ್ದೇನೆ. ದನದ ಡಾಕ್ಟರನ್ನು ಒಮ್ಮೆ ಹಾವೇರಿ ಸ್ಟೇಷನ್ನಿನಲ್ಲಿ ಕಂಡು ಕೇಳಿದೆ. “ನನ್ನ ಲಕ್ಷ್ಯ ಬಟ್ಟಲದಾಗ ಇತ್ತರಿ” ಎಂದು ತಲೆ ತಗ್ಗಿಸಿದರು.

ಹೋದ ಸಲ ರಾಣೇಬೆನ್ನೂರಿಗೆ ಹೋದಾಗ ಚಿಕ್ಕವ್ವನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ಆಕಿ ಎಲ್ಲಿ ಅದನ್ನ ನೋಡಿದ್ಲು? ನಿನ್ನ ನೋಡಾಕತ್ತಿದ್ಲು.”

ಚಿಕ್ಕವ್ವ ಆಗ ಒಲೆಯ ಮುಂದೆ ಇದ್ದಳು. ಅಲ್ಲಿಂದ ಹಾಸಿಗೆ ಕಾಣುವುದಿಲ್ಲ, ಆ ಮನೆಯ ಒಂದೊಂದು ಗೋಡೆಯೂ ನನಗೆ ಗೊತ್ತು. ಹೌದೇನು ಎಂದೆ. ಹೌದು ಎಂದಳು. ನಾನು ಮತ್ತೆ ಕೆದಕದೆ ಅವಳ ಜೊತೆ ಅಕ್ಕಿ ಆರಿಸತೊಡಗಿದೆ.